ಗಸಿ ಚೆಲ್ಲಬಾರದಿತ್ತು

ಟಿಕ್, ಟಿಕ್, ಟಿಕ್‌ಟಿಕ್, ಟಿಕ್. ನೂರಕ್ಕೊಮ್ಮೆ ಟ್ರಿಣ್ ಎಂದು ಒಂದು ಸಣ್ಣ ಗಂಟೆ. ಕರಾವಳಿಯ ಕಡಲ ಸಂಶೋಧನೆಯ ಲ್ಯಾಬಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದರೂ ನನ್ನ ಕಿವಿಯಲ್ಲಿ ಉಳಿದಿರುವುದು ಇದೇ ಸದ್ದು. ಎಡಗೈ ಕೆಳಗೆ ಎಂಟು ಗುಂಡಿಗಳ ಕೌಂಟರ್, ಬಲಗೈ ಮೈಕ್ರೋಸ್ಕೋಪಿನ ತಿರುಗಣೆಯ ಮೇಲೆ, ಕಣ್ಣು ಬೆಳಕಿನ ವೃತ್ತದೊಳಗೆ. ಒಂದೊಂದು ಗುಂಡಿಗೆ ಒಂದೊಂದು ಜಾತಿಯ ಪ್ಲಾಂಕ್ಟನ್, ಅಂದರೆ ಕಡಲ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಜೀವ. ಕಂಡರೆ ಒತ್ತಬೇಕು, ಕಾಣದಿದ್ದರೆ ಒತ್ತಬಾರದು. ಕೆಲಸವೆಂದರೆ ಇಷ್ಟೇ.

ಹೋದ ತಿಂಗಳು ಸಿಂಧನೂರಿನ ಕಾಲೇಜಿನ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಅವಳಿಗೆ ಅಂಥದೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. "ಅಲ್ಲಿ ಏನ್ ಮಾಡೂದಿರತೈತ್ರಿ ಆಂಟಿ?" ಎಂದು ಕೇಳಿದಳು. "ಎಣಿಸೂದು" ಅಂದೆ. "ಅಷ್ಟನಾ?" ಅಂದಳು, ಮುಖ ಸಪ್ಪಗೆ ಮಾಡಿಕೊಂಡು. ಅವಳು ಹೋದ ಮೇಲೆ ನಾನು ಪೂರ್ತಿ ನಿಜ ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಯಾವಾಗ ಯಾವ ಪ್ರಮೋಷನ್ ಬಂತು ಅನ್ನುವುದು ಅವಳಿಗೆ ಬೇಡ, ನನಗೂ ಈಗ ಸರಿಯಾಗಿ ನೆನಪಿಲ್ಲ. ನೆನಪಿರುವುದು ನಾನು ಮಾಡಿದ ತಪ್ಪುಗಳು.

ನಮ್ಮೂರು ದಢೇಸುಗೂರು. ಅಪ್ಪ ಎಡದಂಡೆ ಕಾಲುವೆಯಲ್ಲಿ ಗ್ಯಾಂಗ್‌ಮನ್. ಲಿಂಗಸುಗೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನನ್ನು ಸಿಸ್ಟರ್‌ಗಳ ಕೈಗೆ ಒಪ್ಪಿಸಿ, ವಾಪಸ್ ಹೋಗುವಾಗ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅತ್ತನಂತೆ. ಇದನ್ನು ಅವ್ವ ಬಹಳ ವರ್ಷಗಳ ಮೇಲೆ ಹೇಳಿದಳು. ಸಿಸ್ಟರ್‌ಗಳು ನನಗೆ ಕಲಿಸಿದ್ದರಲ್ಲಿ ಕಡೆಗೆ ಅನ್ನ ಕೊಟ್ಟದ್ದು ಹ್ಯಾಂಡ್‌ರೈಟಿಂಗ್. ಇಂಟರ್‌ವ್ಯೂನಲ್ಲಿ ಬಾಟನಿಯ ಪ್ರಶ್ನೆಗಳಿಗೆ ನಾನು ತಡವರಿಸಿದೆ. ಕೊನೆಗೆ ಕನ್ನಡಕದ ಒಬ್ಬ ಮೇಡಂ ಒಂದು ಬಾಟಲಿ, ಒಂದು ಚೂರು ಕಾಗದ, ಪೆನ್ಸಿಲ್ ಕೊಟ್ಟು ಲೇಬಲ್ ಬರೆ ಅಂದರು. ಬೆರಳಗಲದ ಕಾಗದದಲ್ಲಿ ಆರು ಸಾಲು ಬರೆದೆ. ಅವರು ಅದನ್ನು ನೀರಿನಲ್ಲಿ ಅದ್ದಿ, ತೆಗೆದು, ಓದಿ, "ಯಾವ ಊರು?" ಅಂದರು. ಸಿಂಧನೂರು ಹತ್ತಿರ ಅಂದೆ. "ಅಲ್ಲಿ ನನ್ನ ಮಾಶಿ ಇದ್ದಾಳೆ" ಅಂದರು.

ಅವರು ಡಾಕ್ಟರ್ ಸುಚರಿತಾ, ಬಂಗಾಳದವರು. ಅವರ ತಾಯಿಯ ಅಕ್ಕ, ಆ ಮಾಶಿ, ನಿರಾಶ್ರಿತಳಾಗಿ ಬಂದು ನಮ್ಮ ಆರ್.ಎಚ್. ಕ್ಯಾಂಪಿನಲ್ಲಿ ಭತ್ತ ಬೆಳೆಯುತ್ತ ನೆಲೆಸಿದವಳು. ಕೆಲಸ ಸಿಕ್ಕಿದ್ದು ಲೇಬಲ್ಲಿನಿಂದಲೋ ಮಾಶಿಯಿಂದಲೋ ಎಂದು ಒಮ್ಮೆ ಕೇಳಿದ್ದೆ. "ಪೆನ್ಸಿಲ್ಲಿನಿಂದ" ಅಂದಿದ್ದರು ಮೇಡಂ. "ಮಿಕ್ಕವರೆಲ್ಲ ತಮ್ಮ ಜೇಬಿನ ಪೆನ್ನು ತೆಗೆದರು. ನೀರಿಗೆ ಬಿದ್ದರೆ ಶಾಯಿ ಹೋಗುತ್ತದೆ."

ಕೆಲಸದ ವಿಧಾನ ಹೇಳುತ್ತೇನೆ. ಈಗ ಕ್ಯಾಮೆರಾ ಇರುವ ಯಂತ್ರಗಳು ಬಂದು ಒಂದೊಂದು ಜೀವಕೋಶದ ಫೋಟೊ ತೆಗೆದು ತಾವೇ ವಿಂಗಡಿಸುತ್ತವೆ. ನಮ್ಮ ಕಾಲದಲ್ಲಿ ಉತ್ತರ ಧ್ರುವದ ಕಡಲಿನಿಂದ ಬಂದ ನೀರಿಗೆ ಅಯೋಡಿನ್ ಹಾಕಿರುತ್ತಿದ್ದರು, ಚಹಾದ ಬಣ್ಣ. ಅದನ್ನು ಉದ್ದನೆಯ ಗಾಜಿನ ಜಾಡಿಯಲ್ಲಿ ಹೊಯ್ದು ಎರಡು ದಿನ ಅಲುಗಾಡಿಸದೆ ಇಡಬೇಕು. ಪ್ಲಾಂಕ್ಟನ್ ಎಲ್ಲ ಸತ್ತು ತಳಕ್ಕೆ ಕೂರುತ್ತದೆ. ಆಮೇಲೆ ಸಣ್ಣ ರಬ್ಬರ್ ಕೊಳವೆಯಿಂದ ಮೇಲಿನ ತಿಳಿ ನೀರನ್ನು ಮೆಲ್ಲಗೆ ಹೀರಿ ತೆಗೆದು ಚೆಲ್ಲಬೇಕು. ತಳದ ಗಸಿಯನ್ನು ಉಳಿಸಿಕೊಳ್ಳಬೇಕು. ಎಣಿಸುವುದು ಆ ಗಸಿಯನ್ನು.

ಕಾಲುವೆ ನೀರು ಕುಡಿದು ಬೆಳೆದವರಿಗೆ ಇದು ಎಷ್ಟು ಉಲ್ಟಾ ಎಂದು ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ತಂದ ಕೆಂಪು ನೀರನ್ನು ಅವ್ವ ಮಣ್ಣಿನ ದೊಡ್ಡ ಹರವಿಗೆ ಹೊಯ್ದು, ಪಟಿಕದ ಕಲ್ಲು ಕಟ್ಟಿದ ಕಡ್ಡಿಯನ್ನು ನಾಲ್ಕು ಸುತ್ತು ತಿರುಗಿಸಿ ಬಿಡುತ್ತಿದ್ದಳು. ಮಣ್ಣು ತಳಕ್ಕೆ ಕೂತ ಮೇಲೆ ತಿಳಿಯನ್ನು ಕೊಡಕ್ಕೆ ಬಗ್ಗಿಸಿ, ಗಸಿಯನ್ನು ಬಚ್ಚಲಿಗೆ ಚೆಲ್ಲುವುದು. ಐದನೇ ವಯಸ್ಸಿನಿಂದ ನನ್ನ ಕೈ ಕಲಿತದ್ದು ಅದು. ಲ್ಯಾಬಿನಲ್ಲಿ ಕಲಿತದ್ದು ತಲೆ ಮಾತ್ರ.

ಮಂಜುಗಡ್ಡೆಯ ವಿಷಯ ಹೇಳದೆ ಮುಂದೆ ಹೋದರೆ ನನ್ನ ತಪ್ಪಿನ ತೂಕ ತಿಳಿಯುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಕಡಲಿನ ಮೇಲೆ ಮುಚ್ಚಳದಂತೆ ಮಂಜುಗಡ್ಡೆ ಕಟ್ಟುತ್ತದೆ. ಮುಚ್ಚಳದ ಕೆಳಗೆ ಕತ್ತಲು. ವಸಂತದಲ್ಲಿ ಸೂರ್ಯ ಮೂಡಿದಾಗ ಗಡ್ಡೆಯನ್ನು ತೂರಿಕೊಂಡು ಸ್ವಲ್ಪ ಮಬ್ಬು ಬೆಳಕು ಇಳಿಯುತ್ತದೆ. ಆ ಮಬ್ಬಿನಲ್ಲೇ ಗಡ್ಡೆಯ ತಳಕ್ಕೆ ಅಂಟಿಕೊಂಡು ಕಂದು ಬಣ್ಣದ ಪಾಚಿ ಬೆಳೆಯುತ್ತದೆ. ನುಚ್ಚಕ್ಕಿಯಷ್ಟು ಗಾತ್ರದ, ಸಿಗಡಿಯ ದೂರದ ನೆಂಟರಂಥ ಹುಳುಗಳು ಆಳದಿಂದ ಎದ್ದು ಬರುವುದು ಈ ಪಾಚಿಯ ವಾಸನೆಗೆ. ಅದು ಅವುಗಳ ಬೆಳಗಿನ ನಾಷ್ಟಾ. ಗಡ್ಡೆ ಕರಗಿ ನೀರಿಗೆ ನೇರ ಬಿಸಿಲು ಬಿದ್ದಾಗ ನೀರಿನೊಳಗಿನ ಪ್ಲಾಂಕ್ಟನ್ ಒಮ್ಮೆಲೇ ಹಬ್ಬುತ್ತದೆ, ಅದು ಊಟ. ಆ ಹುಳುಗಳನ್ನು ಮೀನು ತಿನ್ನುತ್ತದೆ, ಮೀನನ್ನು ಸೀಲ್ ತಿನ್ನುತ್ತದೆ. ಅಲ್ಲಿನ ಎಲ್ಲರ ಹೊಟ್ಟೆಯೂ ಶುರುವಾಗುವುದು ಆ ಕಂದು ಗಸಿಯಿಂದ.

ಗಡ್ಡೆ ವರ್ಷದಿಂದ ವರ್ಷಕ್ಕೆ ತೆಳುವಾಗಿ, ಬೇಗ ಕರಗತೊಡಗಿದಾಗ ಏನಾಗುತ್ತದೆ ಎನ್ನುವುದು ಮೇಡಂ ಜೀವನವಿಡೀ ಕೇಳಿದ ಪ್ರಶ್ನೆ. ಒಂದು ಸಲ ರಜಕ್ಕೆ ಬಂದಾಗ ಅವ್ವನಿಗೆ ಇದನ್ನು ಬಿಡಿಸಿ ಹೇಳಿದ್ದೆ. ಮುಚ್ಚಳ ಹೋದರೆ ಬಿಸಿಲು ಜಾಸ್ತಿ, ಬೆಳೆಯುವ ದಿನಗಳೂ ಜಾಸ್ತಿ, ಎಷ್ಟೋ ಕಡೆ ಪ್ಲಾಂಕ್ಟನ್ ಹೆಚ್ಚೇ ಆಗಿದೆ. ಚಳಿ ಶುರುವಾಗುವ ಮುಂಚೆ ಇನ್ನೊಂದು ಸಲ ಹಬ್ಬುವುದೂ ಉಂಟು.

"ಹಂಗಾರ ಅವ್ರಿಗೂ ಎಲ್ಡು ಬೆಳಿ ಬರಾಕತ್ತಾವು ಅನ್ನು" ಅಂದಳು ಅವ್ವ. "ಚಲೋ ಆತಲ್ಲ."

"ಗೊಬ್ಬರ ಬೇಕಲ್ಲ ಬೇ. ಗೊಬ್ಬರ ಇರೂದು ಆಳದಾಗ. ಬರ್ಫ ಕರಗಿದ ಸಿಹಿನೀರು ಮ್ಯಾಲೆ ಕೆನಿ ಕಟ್ಟಿದಂಗ ನಿಂದರತೈತಿ. ಕೆಳಗಿನ ಗೊಬ್ಬರ ಮ್ಯಾಲೆ ಏರಾಂಗಿಲ್ಲ. ಗಾಳಿ ಬಂದು ಕಲಿಸಿದ್ರ ಬೆಳಿ, ಇಲ್ಲಂದ್ರ ಇಲ್ಲ. ಬೆಳದ್ರೂ ಜೊಳ್ಳು ಜೊಳ್ಳು, ಸಣ್ಣವು."

ಅವ್ವ ಎಲೆಯಡಿಕೆ ಅಗಿಯುತ್ತ ಯೋಚಿಸಿದಳು. "ಮತ್ತ ಆ ನಾಷ್ಟಾ ಮಾಡ್ತಿದ್ವಲ್ಲ, ಹುಳ, ಅವು?"

"ಅವು ಏಳೂ ಹೊತ್ತಿಗೆ ನಾಷ್ಟಾ ಇರಾಂಗಿಲ್ಲ."

"ಹಂಗಂದ್ರ ನೀರ ಬಿಟ್ಟಾರ, ನಮಗ ಬಂದಿಲ್ಲ" ಅಂದಳು. ಕಾಲುವೆಯ ಕೆಳಭಾಗದಲ್ಲಿ ಗದ್ದೆ ಇರುವವರ ಮಾತು ಅದು. ಮೇಡಂ ಬರೆದ ಎಷ್ಟೋ ಪುಟಗಳ ಸಾರಾಂಶವೂ ಹೆಚ್ಚು ಕಡಿಮೆ ಅದೇ.

ಉಪಗ್ರಹದ ಚಿತ್ರ ನೋಡಿ ಕಡಲಿನ ಮೇಲ್ಮೈ ಎಷ್ಟು ಹಸಿರಾಗಿದೆ ಎಂದು ಹೇಳಬಹುದು. ಗಡ್ಡೆಯ ತಳದಲ್ಲಿ ಏನಿತ್ತು ಎಂದು ಉಪಗ್ರಹಕ್ಕೆ ಕಾಣುವುದಿಲ್ಲ. ಅದಕ್ಕೆ ಗಡ್ಡೆಯನ್ನು ಕೊರೆದು, ತಳದ ಬಿಲ್ಲೆಯನ್ನು ಕತ್ತರಿಸಿ, ಕರಗಿಸಿ, ಬಾಟಲಿಗೆ ತುಂಬಿ ತರಬೇಕು. ನಾನು ತಪ್ಪು ಮಾಡಿದ ವರ್ಷ ಮೇಡಂ ಸ್ವತಃ ಹೋಗಿ ತಂದಿದ್ದರು. ಅವರ ಬೆರಳ ತುದಿಗಳು ಚಳಿಗೆ ಸತ್ತು ಬಿಳಿಚಿಕೊಂಡಿದ್ದವು. ಒಂದು ಕೊಲ್ಲಿಯ ಮೂಲೆಯಲ್ಲಿ, ದಡಕ್ಕೆ ಅಂಟಿ ಕಟ್ಟುವ ಗಡ್ಡೆಯಿಂದ ತೆಗೆದ ಮೂರು ಬಾಟಲಿಗಳು. ದಾರಿಯಲ್ಲಿ ಎರಡು ಸೋರಿ ಹೋದವು. ಉಳಿದ ಒಂದನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟು, "ಸುಶೀಲಾ, ಇದನ್ನು ನೀನೇ ಮಾಡು, ಬೇರೆ ಯಾರೂ ಬೇಡ" ಅಂದರು.

ಜಾಡಿಗೆ ಹೊಯ್ದೆ. ಎರಡು ದಿನ ಬಿಟ್ಟೆ. ಮೂರನೇ ದಿನ ಬೆಳಿಗ್ಗೆ ಆಫೀಸಿನ ಫೋನಿಗೆ ಅಣ್ಣ ಫೋನ್ ಮಾಡಿದ: ಅವ್ವಗ ಕಾಮಣಿ ಆಗೈತಿ, ಕಣ್ಣು ಅರಿಷಿಣ ಆಗ್ಯಾವು, ಡಾಕ್ಟ್ರು ನೀರಿಂದ ಅಂತಾರ. ನಾನು ಲ್ಯಾಬಿಗೆ ವಾಪಸ್ ಬಂದು ಜಾಡಿಯ ಮುಂದೆ ನಿಂತೆ. ನಿಂತದ್ದು ಲ್ಯಾಬಿನಲ್ಲಿ, ಮನಸ್ಸು ನಮ್ಮ ಹರವಿಯ ಮುಂದೆ. ಪಟಿಕ ತಿರುಗಿಸಿದ್ದಳೋ ಇಲ್ಲವೋ, ತಿಳಿ ಸರಿಯಾಗಿ ಬಗ್ಗಿಸಿದ್ದಳೋ, ತಳದ್ದು ಕಲೆತುಬಿಟ್ಟಿತೋ. ನನ್ನ ಕೈ ಜಾಡಿಯನ್ನು ಎತ್ತಿತು. ತಿಳಿಯನ್ನು ನಿಧಾನವಾಗಿ, ಒಂದು ಹನಿ ಕದಡದಂತೆ, ಶುದ್ಧವಾದ ಬಾಟಲಿಗೆ ಬಗ್ಗಿಸಿತು. ತಳದಲ್ಲಿ ಉಳಿದದ್ದನ್ನು ಸಿಂಕಿಗೆ ಚೆಲ್ಲಿ ನೀರು ಬಿಟ್ಟಿತು. ಅಷ್ಟು ನೀಟಾಗಿ ನಾನು ಜೀವನದಲ್ಲಿ ಯಾವ ಕೆಲಸವನ್ನೂ ಮಾಡಿಲ್ಲ.

ಮಧ್ಯಾಹ್ನ ಎಣಿಸಲು ಕೂತೆ. ಟಿಕ್ ಸದ್ದೇ ಇಲ್ಲ. ಇಡೀ ಮಧ್ಯಾಹ್ನ ಒಂದು ಸಲವೂ ಗುಂಡಿ ಒತ್ತಲಿಲ್ಲ. ಪೆನ್ಸಿಲ್ಲಿನಿಂದ ಸೊನ್ನೆಗಳನ್ನು ಬರೆದೆ, ಸಿಸ್ಟರ್ ಮೆಚ್ಚುವಂಥ ದುಂಡನೆ ಸೊನ್ನೆಗಳು. ಸಂಜೆ ಜಾಡಿ ತೊಳೆಯಲು ಹೋದಾಗ ಸಿಂಕಿನ ಬಾಯಿಯ ಸುತ್ತ ಕಂದು ಕಲೆ ಕಂಡಿತು. ಬೆರಳಿನಿಂದ ಮುಟ್ಟಿದೆ, ಜಾರುತ್ತಿತ್ತು. ಅಲ್ಲಿಗೆ ಗೊತ್ತಾಯಿತು.

ನಾನು ಹೇಳಲಿಲ್ಲ. ಹೊಸಬರು ಇದನ್ನು ಗಮನಿಸಬೇಕು: ಚೆಲ್ಲಿದ್ದು ಕೈ, ಹೇಳದೆ ಇದ್ದದ್ದು ನಾನು. ಮರುದಿನ ಮೇಡಂ ಹಾಳೆ ನೋಡಿ ಕುರ್ಚಿಯಲ್ಲಿ ಕೂತುಬಿಟ್ಟರು. "ಏನೂ ಇಲ್ಲವೇ? ತಳದ ಬಿಲ್ಲೆಯಲ್ಲೂ?" ಎಂದು ಎರಡು ಸಲ ಕೇಳಿದರು. ನಾನು ಇಲ್ಲ ಎಂದು ತಲೆ ಆಡಿಸಿದೆ. ಆ ಮೂಲೆಯ ಗಡ್ಡೆಯಲ್ಲಿ ಪಾಚಿ ಬೆಳೆಯುವುದೇ ನಿಂತುಹೋಗಿದೆ, ನಾವು ಅಂದುಕೊಂಡದ್ದಕ್ಕಿಂತ ಬೇಗ, ಎಂದು ಅವರು ಒಂದು ವಾರ ಕೂತು ಬರೆದರು. ಮುಂದಿನ ಪ್ರವಾಸದ ತಂಡವನ್ನು ಆರಿಸುವವರಿಗೂ ವಿದೇಶದ ಜೊತೆಗಾರರಿಗೂ ಕಳಿಸಿದರು. ಅದನ್ನು ಟೈಪ್ ಮಾಡಿದ್ದು ನಾನೇ.

ಮೂರು ವಾರದ ಮೇಲೆ ರಜೆ ಹಾಕಿ ಅವ್ವನನ್ನು ನೋಡಲು ಬಂದೆ. ಅವ್ವ ಎದ್ದು ಓಡಾಡುತ್ತಿದ್ದಳು, ಸ್ವಲ್ಪ ಸೊರಗಿದ್ದಳು ಅಷ್ಟೇ. ಅದೇ ವಾರ ಮೇಡಂ ತಮ್ಮ ಮಾಶಿಯನ್ನು ನೋಡಲು ಕ್ಯಾಂಪಿಗೆ ಬಂದಿದ್ದರು. ಒಂದು ಬೆಳಿಗ್ಗೆ ಇಬ್ಬರೂ ಆಟೊದಲ್ಲಿ ನಮ್ಮ ಮನೆ ಮುಂದೆ ಇಳಿದರು. ಮಾಶಿಯ ಕೈಯಲ್ಲಿ ಎಲೆಯಲ್ಲಿ ಸುತ್ತಿದ ಮೀನು.

"ಏನ್ ಅಕ್ಕಾ, ಕಾಮಣಿ ಆಗಿತ್ತಂತ" ಅಂದಳು ಮಾಶಿ ಅವ್ವನಿಗೆ. ಬಂಗಾಳದ ನಾಲಗೆಯಲ್ಲಿ ನಮ್ಮ ಕನ್ನಡ ಮೆತ್ತಗೆ ಹೊರಳುತ್ತಿತ್ತು. "ಮೀನ ತಿನ್ನು, ರಕ್ತ ಬರತೈತಿ. ಬರೇ ರೊಟ್ಟಿ ತಿಂದು ತಿಂದು ಹಿಂಗ ಆಗೀದಿ."

"ಕಾಮಣಿ ಆದಾಕಿಗೆ ಮೀನ ತಂದಾಳ ನೋಡು" ಅವ್ವ ನನಗೆ ಹೇಳಿದಳು. "ಕೊಲ್ಲಾಕ ಬಂದಾಳ ಈಕಿ."

"ಕೊಲ್ಲೂದಿದ್ರ ಸಣ್ಣದು ತರತಿದ್ದೆ ಬೇ. ಇದು ದೊಡ್ಡದೈತಿ, ಪ್ರೀತಿಲೆ ತಂದೀನಿ."

ಎಲ್ಲರೂ ನಕ್ಕರು. ಗೋಡೆಯ ಮೇಲಿನ ಬುದ್ಧನ ಫೋಟೊದ ಕೆಳಗೆ ಮೇಡಂ ಚಾಪೆಯ ಮೇಲೆ ಕೂತರು, ನೀರು ಕೇಳಿದರು. ಅವ್ವ ಹರವಿಯ ಹತ್ತಿರ ಹೋಗಿ, ತಂಬಿಗೆಗೆ ತಿಳಿಯನ್ನು ಬಗ್ಗಿಸತೊಡಗಿದಳು. ಮೇಡಂ ಕುತೂಹಲದಿಂದ ಎದ್ದು ಪಕ್ಕಕ್ಕೆ ಹೋಗಿ ನಿಂತರು.

"ಹೆದರಬ್ಯಾಡ್ರಿ ಬಾಯಾರ, ಈಗ ಕಾಸಿ ಆರಿಸಿ ಹಾಕಾಕತ್ತೀವಿ" ಅಂದಳು ಅವ್ವ. "ಮ್ಯಾಲಿಂದ ತಗೀಬೇಕು, ತಳಾ ಮುಟ್ಟಬಾರ್ದು. ನಮ್ಮ ಸುಶೀಗೆ ಕೇಳ್ರಿ, ಸಣ್ಣಾಕಿ ಇದ್ದಾಗಿಂದ ಇದು ಆಕಿದ ಕೆಲಸ. ಒಂದು ಹನಿ ಗಸಿ ಬರಗೊಡ್ತಿದ್ದಿಲ್ಲ, ಎಲ್ಲಾ ಬಚ್ಚಲಕ್ಕ ಚೆಲ್ಲಿ ಬರತಿದ್ಲು."

ಮಾಶಿ ಅದನ್ನು ಬಂಗಾಳಿಗೆ ತಿರುಗಿಸಿ ಹೇಳಿದಳು. ಮೇಡಂ ಕೇಳಿಸಿಕೊಂಡರು. ಹರವಿಯನ್ನು ನೋಡಿದರು, ಅವ್ವನ ಕೈಯನ್ನು ನೋಡಿದರು, ಆಮೇಲೆ ನನ್ನನ್ನು. ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ ಕೇಳಿದರು: "ಸುಶೀಲಾ, ಆ ಬಾಟಲಿ. ನೀನು ಯಾವ ಭಾಗ ಇಟ್ಟುಕೊಂಡೆ?"

"ಮೇಲಿನದು" ಅಂದೆ.

"ತಳದ್ದು?"

"ಸಿಂಕಿಗೆ."

ಅವ್ವ ತಂಬಿಗೆ ಹಿಡಿದು ನಿಂತಿದ್ದಳು. "ಯಾಕ ಬೇ, ಏನಾತು? ನೀರು ಚಲೋ ಇಲ್ಲೇನು?" ಅಂದಳು. ಮೇಡಂ ತಂಬಿಗೆ ಇಸಿದುಕೊಂಡು ಅಷ್ಟೂ ನೀರು ಕುಡಿದರು. ಆಮೇಲೆ ಒಂದು ಸ್ಟೀಲ್ ಬಟ್ಟಲು ಕೇಳಿ, ಹರವಿಯ ತಳದ ಗಸಿಯನ್ನು ಅದಕ್ಕೆ ಹಾಕಿಸಿಕೊಂಡು, ಅಂಗಳದ ಬಿಸಿಲಿನಲ್ಲಿ ನಿಂತು ನೋಡಿದರು. ಬಹಳ ಹೊತ್ತು ನೋಡಿದರು. ನನ್ನ ಕಡೆ ತಿರುಗಲೇ ಇಲ್ಲ.

"ನಾನು ಅದನ್ನು ಕಳಿಸಿಬಿಟ್ಟಿದ್ದೇನೆ" ಅಂದರು ಕಡೆಗೆ.

"ಗೊತ್ತು, ಮೇಡಂ. ನಾನೇ ಟೈಪ್ ಮಾಡಿದ್ದು."

"ಹೌದು" ಅಂದರು. "ನೀನೇ ಟೈಪ್ ಮಾಡಿದ್ದು." ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ.

ವಾಪಸ್ ಹೋದ ಮೇಲೆ ಮೇಡಂ ಕಳಿಸಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡರು. ಪತ್ರದಲ್ಲಿ 'ನಮ್ಮ ಲ್ಯಾಬಿನ ತಪ್ಪು' ಎಂದು ಬರೆದು ತಾವೇ ಸಹಿ ಮಾಡಿದರು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ರಿಜಿಸ್ಟರನ್ನು ನನ್ನ ಮುಂದೆ ಇಟ್ಟು, ಸೊನ್ನೆಗಳನ್ನು ನನ್ನ ಕೈಯಿಂದಲೇ ಹೊಡೆದು ಹಾಕಿಸಿದರು. ಆ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಖಾಲಿ ಬಿಡು. ಪಕ್ಕದಲ್ಲಿ, ಸ್ಯಾಂಪಲ್ ಕೈತಪ್ಪಿ ಹೋಯಿತು ಎಂದು ಬರೆ. ಸೊನ್ನೆ ಅಂದರೆ ನೋಡಿದೆವು, ಇರಲಿಲ್ಲ. ಖಾಲಿ ಅಂದರೆ ನಮಗೆ ಗೊತ್ತಿಲ್ಲ. ಈ ಎರಡನ್ನು ಬೆರೆಸಿದರೆ ನಮ್ಮ ಕೆಲಸಕ್ಕೆ ಅರ್ಥ ಇಲ್ಲ." ಹೊಸ ಹುಡುಗಿ ಈ ಬರಹದಿಂದ ಒಂದೇ ಮಾತು ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಂಡು ಹೋಗಲಿ.

ಮುಂದಿನ ವರ್ಷದ ತಂಡದಲ್ಲಿ ಮೇಡಂ ಹೆಸರು ಇರಲಿಲ್ಲ. ಅದು ನನ್ನಿಂದ ಎಂದು ಯಾರೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಹೋದವರು ಬಂದು, ಆ ಮೂಲೆಯಲ್ಲಿ ಈ ಸಲ ದಡಕ್ಕೆ ಅಂಟಿ ಗಡ್ಡೆ ಕಟ್ಟಲೇ ಇಲ್ಲ, ಬರೀ ನೀರು ಅಂದರು. ಅದರ ಮುಂದಿನ ವರ್ಷವೂ ಇಲ್ಲ. ನಾನು ರಿಟೈರ್ ಆಗುವವರೆಗೂ ಇಲ್ಲ. ಕಡೆಯ ಸಲ ಗಡ್ಡೆ ಕಟ್ಟಿದಾಗ ಅದರ ತಳದಲ್ಲಿ ಎಷ್ಟು ಪಾಚಿ ಇತ್ತು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಉತ್ತರ ಒಂದು ಮಧ್ಯಾಹ್ನ ನನ್ನ ಸಿಂಕಿನ ಬಾಯಿಯ ಸುತ್ತ ಇತ್ತು.

ಆಮೇಲೂ ಅದೇ ಟೇಬಲ್ಲಿನ ಮುಂದೆ ಕೂತು ಎಣಿಸಿದೆ. ತೆರೆದ ನೀರಿನ ಸ್ಯಾಂಪಲ್‌ಗಳಲ್ಲಿ ದೊಡ್ಡ ಜಾತಿಗಳ ಗುಂಡಿಗಳು ನಿಧಾನವಾದವು. ಸಣ್ಣವುಗಳ ಗುಂಡಿ ಸವೆದು ಹೊಳೆಯತೊಡಗಿತು. ಒಂದು ವರ್ಷ ಹಾಗೆ, ಇನ್ನೊಂದು ವರ್ಷ ಬೇರೆ. ಒಂದೇ ಕೊಲ್ಲಿ ನೋಡಿ ಇಡೀ ಕಡಲಿನ ಬಗ್ಗೆ ಮಾತಾಡಬೇಡ ಎಂದು ಮೇಡಂ ಎಚ್ಚರಿಸುತ್ತಿದ್ದರು. ಪ್ರತಿ ಹೊಸ ಬಾಟಲಿ ಬಂದಾಗಲೂ ನನ್ನ ಟೇಬಲ್ಲಿನ ಹತ್ತಿರ ನಿಂತು, ಮಾಶಿಯಿಂದ ಕಲಿತ ಕನ್ನಡದಲ್ಲಿ "ಮ್ಯಾಲಿಂದೋ, ತಳದ್ದೋ?" ಎಂದು ಕೇಳುತ್ತಿದ್ದರು. "ತಳದ್ದು, ಮೇಡಂ" ಅನ್ನುತ್ತಿದ್ದೆ. ಮೊದಮೊದಲು ಅದು ಚುಚ್ಚುತ್ತಿತ್ತು. ಯಾವಾಗ ಅದು ನಮ್ಮಿಬ್ಬರ ತಮಾಷೆಯಾಯಿತೋ ನೆನಪಿಲ್ಲ.

ಅವರನ್ನು ಕಡೆಯ ಸಲ ನೋಡಿದ್ದು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ. ಮಾಶಿ ತೀರಿಕೊಂಡಿದ್ದಳು, ಕ್ಯಾಂಪಿನಲ್ಲಿ ಕ್ರಿಯೆಗಳನ್ನು ಮುಗಿಸಿಕೊಂಡು ಹೊರಟಿದ್ದರು. ಅವ್ವನೂ ಹೋಗಿ ಆಗಲೇ ವರ್ಷಗಳಾಗಿದ್ದವು. ಮೇಡಂ ಬಹಳ ಸಣ್ಣಗಾಗಿದ್ದರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಅಂಚು ಮಾತ್ರ ಕಾಣುತ್ತದೆ, ನಡು ಕಾಣುವುದಿಲ್ಲ ಅಂದರು. ಬಿಸಿಲು ಜೋರಾಗಿತ್ತು. ಅವರು ಕಿಟಕಿ ಪಕ್ಕ ಕೂತ ಮೇಲೆ ಬೇಕರಿಯಿಂದ ಒಂದು ಗ್ಲಾಸ್ ಮಜ್ಜಿಗೆ ತಂದು ಕೊಟ್ಟೆ. ಬಸ್ಸು ಹೊರಡುವುದು ತಡವಾದ್ದರಿಂದ ಮಾತಾಡುತ್ತ ಗ್ಲಾಸನ್ನು ಹಾಗೇ ಹಿಡಿದುಕೊಂಡಿದ್ದರು. ಮಜ್ಜಿಗೆ ಎರಡಾಗಿ ಒಡೆದು, ಮೇಲೆ ತಿಳಿ ನಿಂತು, ತಳಕ್ಕೆ ಮಸಾಲೆ ಕೂತಿತು.

ಕಂಡಕ್ಟರ್ ಸೀಟಿ ಊದಿದ. ಮೇಡಂ ತಿಳಿಯನ್ನು ಕುಡಿದು ನಿಲ್ಲಿಸಿದರು. ಆಮೇಲೆ ಗ್ಲಾಸನ್ನು ಮೆಲ್ಲಗೆ ನಾಲ್ಕು ಸುತ್ತು ತಿರುಗಿಸಿ, ತಳದ್ದನ್ನೆಲ್ಲ ಎಬ್ಬಿಸಿ, ತಲೆ ಹಿಂದಕ್ಕೆ ವಾಲಿಸಿ ಪೂರ್ತಿ ಕುಡಿದರು. ಕಿಟಕಿಯಿಂದ ಖಾಲಿ ಗ್ಲಾಸನ್ನು ನನ್ನ ಕಡೆಗೆ ಚಾಚಿದರು.

"ನನಗೆ ಕಾಣಿಸುವುದಿಲ್ಲ, ನೀನು ನೋಡಿ ಹೇಳು. ಏನಾದರೂ ಉಳಿದಿದೆಯಾ?"

ಗ್ಲಾಸನ್ನು ಬೆಳಕಿಗೆ ಹಿಡಿದೆ. ತಳಕ್ಕೆ ಒಂದು ಜೀರಿಗೆ ಅಂಟಿಕೊಂಡಿತ್ತು.

"ಒಂದು ಇದೆ, ಮೇಡಂ."

"ಹಾಗಾದರೆ ಒಂದು ಅಂತ ಬರೆದುಕೋ" ಅಂದರು. ಬಸ್ಸು ಮಸ್ಕಿ ರಸ್ತೆಯ ಕಡೆ ತಿರುಗಿತು. ಕಿಟಕಿಯ ಕಂಬಿಯ ಮೇಲೆ ಅವರ ಎಡಗೈ ಕಾಣುತ್ತಿತ್ತು. ಹೆಬ್ಬೆರಳು, ಕೌಂಟರಿನ ಗುಂಡಿಯ ಮೇಲೆಂಬಂತೆ, ಒಂದು ಸಲ ಕೆಳಗೆ ಒತ್ತಿತು.